ಮೆಟ್ರೋ ಹತ್ತಿದ ಪಂಪ

ಪಂಪನನ್ನು ಓದುತ್ತಿದ್ದೇನೆ ಎಂದರೆ ಆಲುವದಲ್ಲಿ ಜನ ನಾನು ಶಬರಿಮಲೆಗೆ ಹೊರಟಿದ್ದೇನೆ ಅಂದುಕೊಳ್ಳುತ್ತಾರೆ. ಇಲ್ಲಿಯವರಿಗೆ ಪಂಪಾ ಎಂದರೆ ನದಿ, ಮಿಂದು ಬೆಟ್ಟ ಹತ್ತುವ ಜಾಗ. ಹತ್ತನೆಯ ಶತಮಾನದ ಕವಿ ಎಂದು ತಿದ್ದುವುದನ್ನು ಬಿಟ್ಟಿದ್ದೇನೆ. ಹೇಗೂ ಏರುದಾರಿಯೇ.

ಬನವಾಸಿಯ ಪದ್ಯ ನಮಗೆಲ್ಲ ಬಾಯಿಪಾಠ. ಅದರ ಮುಂದಿನದು ಯಾವುದೆಂದು ಕೇಳಿ ನೋಡಿ, ಸಭೆ ಚದುರುತ್ತದೆ. 'ವಿಕ್ರಮಾರ್ಜುನ ವಿಜಯ'ಕ್ಕೆ 14 ಆಶ್ವಾಸ. ಆರೇ ತಿಂಗಳಲ್ಲಿ ಮುಗಿಸಿದೆನೆಂದು ಪುಣ್ಯಾತ್ಮ ತಾನೇ ಹೇಳಿಕೊಂಡಿದ್ದಾನೆ. ಓದುವವನಿಗೆ ಎಷ್ಟು ಬೇಕೆಂದು ಹೇಳಿಲ್ಲ. ಚಂಪೂ ಅಲ್ಲವೇ, ನಡುವೆ ಗದ್ಯ ಬಂದಾಗ ಉಸಿರಾಡೋಣ ಎಂದರೆ, ಪುಳಿಂಚೋಡು ನಿಲ್ದಾಣದಲ್ಲಿ ಶುರುವಾದ ಸಮಾಸ ಇಡಪ್ಪಳ್ಳಿ ಬಂದರೂ ಮುಗಿಯುವುದಿಲ್ಲ. ಒಂದು ತೊಡೆಯ ಮೇಲೆ ಕಾವ್ಯ, ಇನ್ನೊಂದರ ಮೇಲೆ ಡಿ.ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ' ಹರಡಿಕೊಳ್ಳಲು ಕೊಚ್ಚಿ ಮೆಟ್ರೋದ ಬೆಳಗಿನ ನೂಕುನುಗ್ಗಲು ಬಿಡುವುದೂ ಇಲ್ಲ.

ಆದರೂ ಪಂಪನನ್ನು ಓದಲು ಬೆಂಗಳೂರಿಗಿಂತ ಆಲುವವೇ ವಾಸಿ. ಶಾಲೆಯಲ್ಲಿ ಮೇಷ್ಟ್ರು ೞ ಎಂಬ ಅಕ್ಷರವನ್ನು, ತೀರಿಹೋದ ದೊಡ್ಡಪ್ಪನ ಫೋಟೋ ತೋರಿಸಿದ ಹಾಗೆ ತೋರಿಸಿ ಮುಂದೆ ಹೋಗಿದ್ದರು. ಇಲ್ಲಿ ನೋಡಿದರೆ ದೊಡ್ಡಪ್ಪ ಮಾರುಕಟ್ಟೆಯಲ್ಲಿ ಕೋೞಿಗೆ ಚೌಕಾಸಿ ಮಾಡುತ್ತಿದ್ದಾನೆ! ಮಲಯಾಳದಲ್ಲಿ ಮಳೆ ಬಂದರೆ ಮೞ, ಏಳು ಗಂಟೆಗೆ ಏೞು, ಬಾಳೆಗೆ ವಾೞ. ಹಳಗನ್ನಡದ ವಿದ್ವಾಂಸರು ನಾಲಿಗೆ ಮಡಿಚಿ ತಿಣುಕುವುದನ್ನು ಪೆರಿಯಾರ್ ದಡದ ಮಕ್ಕಳು ಬನ್ನು ತಿನ್ನುತ್ತಲೇ ಹೇಳುತ್ತಾರೆ. ನಾನು ಗಟ್ಟಿಯಾಗಿ ಓದುವಾಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೇಲಿಯಾಚೆಯಿಂದಲೇ ಉಚ್ಚಾರ ತಿದ್ದುತ್ತಾರೆ. ಅರ್ಥ ಅವರಿಗೂ ಆಗುವುದಿಲ್ಲ. ಆ ವಿಷಯದಲ್ಲಿ ಇಬ್ಬರೂ ಸಮಾನರು.

ಕಥೆ ಹೇಳಿದ ಮೇಲೆ ಮಾತ್ರ ಜಗಳ ಹುಟ್ಟಿತು. ಅವರು ಭೀಮನ ಕಣ್ಣಿಂದ ಭಾರತ ಹೇಳುವ ಎಂ.ಟಿ. ವಾಸುದೇವನ್ ನಾಯರರ ಕಾದಂಬರಿ 'ರಂಡಾಮೂೞಂ' ಓದಿ ಬೆಳೆದ ಭೀಮನ ಪಕ್ಷ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನಿಗೇ ಹೆಂಡತಿ ಎಂದಾಗ ಮುಖ ಸಿಂಡರಿಸಿದರು. ದುಶ್ಶಾಸನನನ್ನು ಸೀಳಿ ಅವಳ ಮುಡಿ ಕಟ್ಟುವವನು ಮಾತ್ರ ಭೀಮನೇ ಎಂದೆ. ಕೊನೆಗೆ ಪಟ್ಟವೇರುವುದು ಅರ್ಜುನ, ಪಕ್ಕದಲ್ಲಿ ಕೂರುವುದು ಸುಭದ್ರೆ ಎಂದಾಗ ಎದ್ದೇ ನಿಂತರು.

"ಯಾಕೆ ಹಾಗೆ?"

"ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನ ಮಾಡಿದ್ದಾನೆ."

"ಕವಿಗೆ ಏನು ಸಿಕ್ಕಿತು?"

"ಒಂದು ಅಗ್ರಹಾರ."

"ಭೀಮನಿಗೆ?"

ಉಳಿದ ಆಶ್ವಾಸಗಳನ್ನು ತಿರುವಿಹಾಕಿದೆ. ಈಗ ಸಂಜೆ ಬೇಲಿಯ ಕಡೆ ಹೋಗುವಾಗ ಪುಸ್ತಕ ಒಳಗೇ ಇಟ್ಟು ಹೋಗುತ್ತೇನೆ.