ಪಂಚಮಹಾಶಬ್ದದ ಅಣ್ಣ

ಬೆಂಗಳೂರಿನ ಮಾರತ್ತಹಳ್ಳಿಯಲ್ಲೋ ಬಿಟಿಎಂ ಲೇಔಟ್‌ನಲ್ಲೋ ಇರುವ ಯಾವ ಹುಡುಗರ ಪಿಜಿಗೇ ಹೋಗಿ, ಅಲ್ಲೊಬ್ಬ ಅಣ್ಣ ಇದ್ದೇ ಇರುತ್ತಾನೆ. ಕಿಟಕಿ ಪಕ್ಕದ ಮಂಚ ಅವನದು. ಇಡೀ ಮಹಡಿಯಲ್ಲಿ ವೈಫೈ ನೆಟ್ಟಗೆ ಸಿಗುವ ಜಾಗವೂ ಅದೊಂದೇ. ರಾತ್ರಿ ಪಾಳಿಯಲ್ಲಿ ಕೂತು ಅಮೆರಿಕದ ಯಾರದೋ ಮರೆತುಹೋದ ಪಾಸ್‌ವರ್ಡ್ ರೀಸೆಟ್ ಮಾಡಿಕೊಡುವುದು ಅವನ ಉದ್ಯೋಗ. ಅದು ಹೊಟ್ಟೆಪಾಡು. ಅಸಲಿ ಕಸುಬು ಬೇರೆ: ಊರಿಂದ ಬಂದಿಳಿದ ಫ್ರೆಷರ್ ಹುಡುಗರ ರೆಸ್ಯೂಮೆ ತಿದ್ದುವುದು. ಅದರಲ್ಲೂ ಹೆಸರು, ಫೋನ್ ನಂಬರಿನ ಕೆಳಗೆ ಬರುವ ಆ ಮೂರು ಸಾಲಿನ ಸಮ್ಮರಿ ಬರೆಯುವುದು.

ಭಾನುವಾರ ಬೆಳಿಗ್ಗೆ ಪುಳಿಯೋಗರೆ ತಟ್ಟೆ ತೊಳೆದಿಟ್ಟ ಮೇಲೆ ಅಣ್ಣನ ದರ್ಬಾರು ಶುರು. ಫೀಸು ಒಂದು ಎಗ್ ರೈಸ್. ಸಸ್ಯಾಹಾರಿಗಳಿಂದ ಗೋಬಿ ಮಂಚೂರಿ ಸ್ವೀಕರಿಸಲಾಗುತ್ತದೆ. ಹುಡುಗ ಲ್ಯಾಪ್‌ಟಾಪ್ ತೆರೆದು ಮುಂದಿಡುತ್ತಾನೆ. ಅಣ್ಣ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸ್ಕ್ರೋಲ್ ಮಾಡಿ ಲೊಚಗುಟ್ಟುತ್ತಾನೆ.

"ಯಾರು ಬರ್ದಿದ್ದು?"

"ನಾನೇ ಅಣ್ಣ."

"ಗೊತ್ತಾಗ್ತಿದೆ."

ಅಣ್ಣನ ಬಳಿ ಒಂದು ಮೂಲ ಪ್ರತಿ ಇದೆ. ಅದನ್ನು ಅವನಿಗೆ ಕೊಟ್ಟವನು ಅವನ ಸೀನಿಯರ್. ಸೀನಿಯರ್‌ಗೆ ಕೊಟ್ಟವನು ಸೀನಿಯರ್‌ನ ಸೀನಿಯರ್. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಶುರುವಾಯಿತಲ್ಲ, ಅದರ ಮೊದಮೊದಲ ಬ್ಯಾಚಿನ ಯಾರೋ ಪುಣ್ಯಾತ್ಮ ಟೈಪ್ ಮಾಡಿದ್ದಿರಬೇಕು ಎನ್ನುವುದಕ್ಕೆ ಒಳಸಾಕ್ಷ್ಯಗಳು ಬೇಕಾದಷ್ಟಿವೆ. ಬಲ್ಲ ಆಪರೇಟಿಂಗ್ ಸಿಸ್ಟಮ್‌ಗಳ ಪಟ್ಟಿಯಲ್ಲಿ ವಿಂಡೋಸ್ 98 ಈಗಲೂ ನಗುತ್ತಾ ಕೂತಿದೆ. ತಂದೆಯ ಹೆಸರು, ಮದುವೆಯ ಸ್ಥಿತಿಗತಿ, ಪಾಸ್‌ಪೋರ್ಟ್ ನಂಬರು ಎಲ್ಲಕ್ಕೂ ಜಾಗವಿದೆ. ಕಟ್ಟಕಡೆಗೆ, ಮೇಲೆ ಹೇಳಿದ್ದೆಲ್ಲ ನಾನು ತಿಳಿದ ಮಟ್ಟಿಗೆ ಸತ್ಯ ಎಂಬ ಪ್ರಮಾಣ. ಅದರಡಿಯಲ್ಲಿ 'ಸ್ಥಳ: ಗುಲ್ಬರ್ಗಾ'. 2014ರ ನವೆಂಬರ್ 1ರಂದು ಸರ್ಕಾರ ಹನ್ನೆರಡು ಊರುಗಳ ಹೆಸರು ಬದಲಿಸಿದಾಗ ಗುಲ್ಬರ್ಗಾ ಕಲಬುರಗಿಯಾಯಿತು. ಅಣ್ಣನ ಮೂಲ ಪ್ರತಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮಡಿಕೇರಿಯ ಹುಡುಗನೂ ಕುಂದಾಪುರದ ಹುಡುಗನೂ ಬೆಂಗಳೂರಲ್ಲಿ ಕೂತುಕೊಂಡು ಗುಲ್ಬರ್ಗಾದಲ್ಲಿ ಪ್ರಮಾಣ ಮಾಡುತ್ತಾರೆ.

ಅಣ್ಣನ ಸಿದ್ಧಾಂತದ ಪ್ರಕಾರ ರೆಸ್ಯೂಮೆಯನ್ನು ಮನುಷ್ಯರು ಓದುವುದಿಲ್ಲ. ಮೊದಲು ಎಟಿಎಸ್ ಎಂಬ ಸಾಫ್ಟ್‌ವೇರ್ ಓದುತ್ತದೆ. ಕಂಪನಿ ಕೇಳಿದ ಪದಗಳು ಸಿಕ್ಕರೆ ಸರಿ, ಇಲ್ಲದಿದ್ದರೆ ಫೈಲು ಪಟ್ಟಿಯ ತಳ ಸೇರುತ್ತದೆ. ಇದು ಬಹಳ ಮಟ್ಟಿಗೆ ನಿಜವೇ. ಎರಡು ಕಾಲಂ ಮಾಡಿ, ಚೌಕ ಹಾಕಿ, ಫೋಟೊ ಅಂಟಿಸಿದ ಬಣ್ಣದ ಟೆಂಪ್ಲೇಟನ್ನು ಎಷ್ಟೋ ಸಾಫ್ಟ್‌ವೇರ್‌ಗಳು ಕಲಸುಮೇಲೋಗರ ಮಾಡಿಕೊಳ್ಳುವುದೂ ನಿಜ. ಆದರೆ ಅಣ್ಣ ಅಷ್ಟಕ್ಕೇ ನಿಲ್ಲುವವನಲ್ಲ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಬ್ಲಾಕ್‌ಚೈನ್, ಕುಬರ್ನೆಟಿಸ್, ಮಷೀನ್ ಲರ್ನಿಂಗ್ ಎಂದು ಬರೆದು ಬಚ್ಚಿಡುತ್ತಾನೆ. "ಮನುಷ್ಯರಿಗೆ ಕಾಣಲ್ಲ, ಮಷೀನಿಗೆ ಕಾಣುತ್ತೆ" ಎಂದು ಕಣ್ಣು ಹೊಡೆಯುತ್ತಾನೆ. ಎದುರಿಗಿದ್ದವರು ಕಂಟ್ರೋಲ್ ಎ ಒತ್ತಿದರೆ ಇಡೀ ಗುಟ್ಟು ಎದ್ದು ಕೂರುತ್ತದೆ ಎಂಬುದು ಬೇರೆ ಮಾತು. ಇನ್ನು ಜಾವಾಗೆ ಐದಕ್ಕೆ ನಾಲ್ಕೂವರೆ ನಕ್ಷತ್ರ. ಆ ಭಾಷೆಯನ್ನು ಹುಟ್ಟಿಸಿದ ಜೇಮ್ಸ್ ಗಾಸ್ಲಿಂಗ್ ಕೂಡ ತಮಗೆ ತಾವೇ ಅಷ್ಟು ಕೊಟ್ಟುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರೇನೋ. ಹುಡುಗನೋ, ಟರ್ಬೋ ಸಿಯ ನೀಲಿ ಪರದೆಯಿಂದ ಈಚೆಗೇ ಬಂದಿಲ್ಲ.

ಅಣ್ಣನ ಪ್ರತಿಭೆ ನಿಜಕ್ಕೂ ಹೊಳೆಯುವುದು ಸಮ್ಮರಿಯಲ್ಲಿ. ನಮ್ಮ ಹಳೆಯ ಶಾಸನಗಳಲ್ಲಿ ಸಾಮಂತರ ಹೆಸರಿನ ಹಿಂದೆ 'ಸಮಧಿಗತ ಪಂಚಮಹಾಶಬ್ದ' ಎಂಬ ಬಿರುದು ಬರುತ್ತದೆ. ಕೊಂಬು, ತಮಟೆ, ಶಂಖ, ಭೇರಿ, ಜಯಗಂಟೆ ಇವಿಷ್ಟನ್ನೂ ಬಾರಿಸಿಕೊಂಡು ಮೆರೆಯಲು ಮೇಲಿನ ದೊರೆಯಿಂದ ಅಪ್ಪಣೆ ಪಡೆದವನು ಎಂದು. ಅಣ್ಣನ ಕೈಸೇರಿದ ಫ್ರೆಷರ್‌ಗೂ ಐದು ಮಹಾಶಬ್ದಗಳು ಪ್ರಾಪ್ತವಾಗುತ್ತವೆ: ಮೋಟಿವೇಟೆಡ್, ಡೆಡಿಕೇಟೆಡ್, ಪ್ಯಾಶನೇಟ್, ಡೀಟೇಲ್ ಓರಿಯೆಂಟೆಡ್, ಟೀಮ್ ಪ್ಲೇಯರ್. ಸಾಮಂತನಿಗೆ ಆಳಲು ಒಂದು ನಾಡಾದರೂ ಇರುತ್ತಿತ್ತು. ಇವನಿಗಿರುವುದು ಬಾಡಿಗೆ ಮಂಚ, ಅದರ ಅಡ್ವಾನ್ಸೂ ಪೂರ್ತಿ ಕೊಟ್ಟಿಲ್ಲ.

ಮಿಕ್ಕ ಬಿರುದುಗಳೂ ಸುಮ್ಮನೆ ಬಂದವಲ್ಲ. ಕಾಲೇಜು ಫೆಸ್ಟಿನಲ್ಲಿ ಕುರ್ಚಿ ಹಾಕಿದ್ದು ಈವೆಂಟ್ ಮ್ಯಾನೇಜ್‌ಮೆಂಟ್. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಆಗಿದ್ದದ್ದು ಲೀಡರ್‌ಶಿಪ್. ಗಣಿತದ ಪೇಪರನ್ನು ಮೂರನೇ ಸಲಕ್ಕೆ ಎತ್ತಿದ್ದು, ಒತ್ತಡದಲ್ಲಿ ಕೆಲಸ ಮಾಡುವ ಸಾಮರ್ಥ್ಯ. ನಾಲ್ವರ ಪ್ರಾಜೆಕ್ಟಿನಲ್ಲಿ ಒಬ್ಬ ಕೋಡ್ ಬರೆದು, ಮೂವರು ರಿಪೋರ್ಟಿಗೆ ಬೈಂಡಿಂಗ್ ಹಾಕಿಸಲು ಹೋಗಿದ್ದರೆ, ಆ ಮೂವರು ಟೀಮ್ ಪ್ಲೇಯರ್‌ಗಳು. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ ಎಲ್ಲೆಲ್ಲೂ ಶೇಕಡ 60 ಇರಬೇಕೆಂದು ಕಂಪನಿ ಕೇಳಿ, ಪಿಯುಸಿಯಲ್ಲಿ 58 ಬಂದಿದ್ದರೆ ಮಾತ್ರ ಅಣ್ಣ ಅರೆಗಳಿಗೆ ಸುಮ್ಮನಾಗುತ್ತಾನೆ. ಆಮೇಲೆ, "ಪಿಯುಸೀನ ಎರಡನೇ ಪೇಜಿಗೆ ತಳ್ಳು" ಎನ್ನುತ್ತಾನೆ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದಾಗ, ಅಣ್ಣನ ಎಗ್ ರೈಸಿಗೆ ಕುತ್ತು ಬಂತು ಅಂತ ಪಿಜಿಯಲ್ಲಿ ಗುಸುಗುಸು ಎದ್ದಿತ್ತು. ಯಾರೋ ಅದಕ್ಕೇ ಒಂದು ಸಮ್ಮರಿ ಬರೆಯಲು ಹೇಳಿದರು. ಅದು ಕ್ಷಣದಲ್ಲಿ ಉತ್ತರ ಕೊಟ್ಟಿತು: ಮೋಟಿವೇಟೆಡ್, ಡೆಡಿಕೇಟೆಡ್, ಪ್ಯಾಶನೇಟ್... ಅಣ್ಣ ಕನ್ನಡಕ ಏರಿಸಿಕೊಂಡು ಓದಿ, "ನೋಡ್ರೋ, ನನ್ನ ಹತ್ರಾನೇ ಕಲಿತಿದೆ" ಎಂದ. ಅಂದಿನಿಂದ ಅವನ ಕೀರ್ತಿ ಇನ್ನಷ್ಟು ಹಬ್ಬಿತು.

ಹೋದ ಮಳೆಗಾಲದಲ್ಲಿ ಅರಸೀಕೆರೆ ಕಡೆಯ ಹುಡುಗನೊಬ್ಬ ದರ್ಬಾರಿಗೆ ಬಂದ. ಸಮ್ಮರಿಯನ್ನು ತಾನೇ ಬರೆದುಕೊಂಡಿದ್ದ: ಇನ್ಫರ್ಮೇಷನ್ ಸೈನ್ಸ್ ಓದಿದ್ದೇನೆ. ಪೈಥಾನ್, ಎಸ್‌ಕ್ಯೂಎಲ್ ಬಳಸಿ ನಮ್ಮೂರ ಹಾಲು ಉತ್ಪಾದಕರ ಸಂಘಕ್ಕೆ ಬಟವಾಡೆ ಲೆಕ್ಕದ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ಎರಡು ಹೊತ್ತಿನ ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ ತುಂಬಿದರೆ ಯಾರಿಗೆ ಎಷ್ಟು ಸಲ್ಲಬೇಕೆಂದು ತೋರಿಸುತ್ತದೆ. ಡೇಟಾಬೇಸ್ ಅಥವಾ ಟೆಸ್ಟಿಂಗ್ ಕೆಲಸ ಹುಡುಕುತ್ತಿದ್ದೇನೆ. ಎಸ್‌ಎನ್‌ಎಫ್ ಎಂದರೆ ಹಾಲಿನಲ್ಲಿ ಕೊಬ್ಬು ಕಳೆದು ಉಳಿಯುವ ಘನಾಂಶ. ಹಾಲಿನ ದರ ನಿಂತಿರುವುದೇ ಈ ಎರಡರ ಮೇಲೆ ಎಂದು ಡೇರಿಗೆ ಹಾಲು ಹಾಕುವ ಮನೆಯ ಮಕ್ಕಳಿಗೂ ಗೊತ್ತು.

"ಇದೇನೋ ಹಾಲು ಗೀಲು?" ಅಣ್ಣ ಗಾಬರಿಯಾದ. "ಐಟಿ ಕೆಲಸ ಬೇಕೋ, ಡೇರಿ ಸೆಕ್ರೆಟರಿ ಕೆಲಸ ಬೇಕೋ?" ನಾಲ್ಕು ಸಾಲೂ ಅಳಿಸಿಹೋಗಿ ಪಂಚಮಹಾಶಬ್ದಗಳು ಮೊಳಗಿದವು.

1480ರ ದಶಕದಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರದ ಕರಡು ಇಂದಿಗೂ ಉಳಿದಿದೆ. ಹೊತ್ತೊಯ್ಯಬಲ್ಲ ಹಗುರ ಸೇತುವೆ ಕಟ್ಟಬಲ್ಲೆ, ಕಂದಕದ ನೀರು ಬಸಿಯಬಲ್ಲೆ, ಫಿರಂಗಿ ಮಾಡಬಲ್ಲೆ ಎಂದು ಧಣಿಗೆ ಬೇಕಾದ್ದನ್ನೆಲ್ಲ ಒಂದೊಂದಾಗಿ ಹೇಳಿ, ಚಿತ್ರ ಬರೆಯುತ್ತೇನೆ ಎಂಬುದನ್ನು ಕಡೆಗಿಟ್ಟಿದ್ದಾನೆ. ಆ ಕರಡೇನಾದರೂ ನಮ್ಮ ಅಣ್ಣನ ಕೈಗೆ ಸಿಕ್ಕಿದ್ದರೆ ಸೇತುವೆ, ಫಿರಂಗಿ ಎಲ್ಲ ಕಿತ್ತು ಹಾಕಿ, 'ಪ್ಯಾಶನೇಟ್ ಇಟಾಲಿಯನ್, ಟೀಮ್ ಪ್ಲೇಯರ್' ಎಂದು ಬರೆದು ಗುಲ್ಬರ್ಗಾದಲ್ಲಿ ಪ್ರಮಾಣ ಮಾಡಿಸುತ್ತಿದ್ದ.

ಹುಡುಗ ಎಲೆಕ್ಟ್ರಾನಿಕ್ ಸಿಟಿಯ ಒಂದು ವಾಕ್-ಇನ್‌ಗೆ ಹೋದ. ನಿಮ್ಮ ಬಗ್ಗೆ ಹೇಳಿ ಎಂದರು. ಅಣ್ಣ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸತೊಡಗಿದ. ನಾಲ್ಕನೇ ಮಹಾಶಬ್ದಕ್ಕೆ ನಾಲಿಗೆ ತೊಡರಿತು. ಬೆಳಗಿನಿಂದ ಅದನ್ನೇ ಕೇಳಿ ಕೇಳಿ ಸುಸ್ತಾಗಿದ್ದ ಮೇಡಂ, "ಅದಿರಲಿ, ಏನಾದ್ರೂ ಮಾಡಿದೀರಾ?" ಎಂದರು. ಬೇರೆ ದಾರಿ ಕಾಣದೆ ಹುಡುಗ ಹಾಲಿನ ಕಥೆ ಹೇಳಿದ. ಮೇಡಂ ಪೆನ್ನು ಕೆಳಗಿಟ್ಟರು.

"ಫ್ಯಾಟ್ ರೀಡಿಂಗ್ ತಪ್ಪು ಅಂತ ರೈತರು ತಕರಾರು ಮಾಡಿದ್ರೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತೆ?"

"ಹಳೇ ಎಂಟ್ರಿ ಅಳಿಸಲ್ಲ ಮೇಡಂ. ತಿದ್ದಿದ್ದು ಬೇರೆ ಸಾಲಲ್ಲಿ ಬರುತ್ತೆ, ಯಾರು ತಿದ್ದಿದ್ರು ಅಂತಾನೂ ಬರುತ್ತೆ. ಅಳಿಸಿದ್ರೆ ಊರಲ್ಲಿ ಹೊಡೆದಾಟ ಆಗುತ್ತೆ."

ವರ್ಷಕ್ಕೆ ಮೂರೂವರೆ ಲಕ್ಷದ ಆಫರ್ ಲೆಟರ್ ಬಂತು. ಪಿಜಿಯಲ್ಲಿ ಕೇಕ್ ಕತ್ತರಿಸಿದರು. "ಸಮ್ಮರಿ ಕೆಲಸ ಮಾಡ್ತು" ಎಂದ ಅಣ್ಣ, ಕೆನ್ನೆಗೆ ಮೆತ್ತಿದ ಕ್ರೀಮ್ ಒರೆಸಿಕೊಳ್ಳುತ್ತಾ. ಒಳಗೆ ನಡೆದದ್ದನ್ನು ಹುಡುಗ ವಿವರಿಸಿದ. ಅಣ್ಣ ಕೇಳಿಸಿಕೊಂಡ, ಗಂಭೀರನಾದ, ಕಿಟಕಿ ಪಕ್ಕದ ಮಂಚಕ್ಕೆ ಹೋಗಿ ಮೂಲ ಪ್ರತಿ ತೆರೆದ.

ಮುಂದಿನ ಭಾನುವಾರದಿಂದ ಆ ಪಿಜಿಯ ಪ್ರತಿಯೊಂದು ರೆಸ್ಯೂಮೆಯಲ್ಲೂ ಒಂದು ಡೇರಿ ಪ್ರಾಜೆಕ್ಟ್ ಇದೆ. ವಿಂಡೋಸ್ 98 ಹಾಗೇ ಇದೆ. ಜಯನಗರದಲ್ಲೇ ಹುಟ್ಟಿ ಬೆಳೆದು, ಹಾಲೆಂದರೆ ನಂದಿನಿಯ ನೀಲಿ ಪ್ಯಾಕೆಟ್ಟು ಎಂದಷ್ಟೇ ಬಲ್ಲ ಒಬ್ಬ ಮೊನ್ನೆ ಅದನ್ನೇ ಹಿಡಿದು ಇಂಟರ್‌ವ್ಯೂಗೆ ಹೋಗಿದ್ದ. ಎಸ್‌ಎನ್‌ಎಫ್ ಅಂದರೇನು ಎಂದು ಕೇಳಿದರಂತೆ.

"ಏನಂದೆ?" ಅಣ್ಣ ಕೇಳಿದ.

"ಸರ್ವರ್ ನಾಟ್ ಫೌಂಡ್ ಅಂದೆ."

ಅಣ್ಣ ಒಂದು ನಿಮಿಷ ಯೋಚಿಸಿ, "ತಡವರಿಸದೆ ಹೇಳಿದೆ ತಾನೇ?" ಎಂದ. "ಹಂಗಾದ್ರೆ ಕಮ್ಯುನಿಕೇಷನ್ ಸ್ಕಿಲ್ಸ್‌ಗೆ ಇನ್ನೊಂದು ಸ್ಟಾರ್ ಹಾಕ್ಕೋ."