ರಟ್ಟಿನ ಪ್ರಾಗ್ ನೋಡಲು ಬರುವವರಿಗೆ ಒಂದು ಬಹಿರಂಗ ಪತ್ರ

ಪ್ರಾಗ್ ನಗರ ವಸ್ತುಸಂಗ್ರಹಾಲಯದ ಸಂದರ್ಶಕ ಮಹಾಶಯರಿಗೆ,

ವಿಷಯ: ಲಾಂಗ್‌ವೈಲ್ ಕಟ್ಟಿದ ರಟ್ಟಿನ ನಗರವನ್ನು ಬಾಗಿ ನೋಡದಿರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಗರಗಳ ಅಂದಚಂದದ ಹೊಣೆ ಹೊತ್ತವರೆಲ್ಲರ ಪರವಾಗಿ ತಿಳಿಯಪಡಿಸುವುದೇನೆಂದರೆ, ಕ್ಲೆಮೆಂಟಿನಮ್ ಗ್ರಂಥಾಲಯದ ಸೇವಕನಾಗಿದ್ದ ಆಂಟೊನಿನ್ ಲಾಂಗ್‌ವೈಲ್ ಎಂಬಾತನು 1826ರಲ್ಲಿ ಪ್ರಾಗ್‌ಗೆ ಪ್ರದರ್ಶನಕ್ಕೆ ಬಂದಿದ್ದ ಪ್ಯಾರಿಸ್ ನಗರದ ಪ್ರತಿಕೃತಿಯೊಂದನ್ನು ಕಂಡು, ಯಾರ ಆದೇಶವೂ ಇಲ್ಲದೆ, ಟೆಂಡರ್ ಕರೆಯದೆ, ಚಾಕರಿಯಿಂದ ಉಳಿದ ಹೊತ್ತಿನಲ್ಲಿ ರಟ್ಟು, ಅಂಟು, ಬಣ್ಣಗಳನ್ನಷ್ಟೇ ನೆಚ್ಚಿಕೊಂಡು ತನ್ನೂರನ್ನು 1:480ರ ಅನುಪಾತದಲ್ಲಿ, ಅಂದರೆ ನೆಲದ ಮೇಲಿನ 480 ಮೀಟರಿಗೆ ಮಾದರಿಯಲ್ಲಿ ಒಂದು ಮೀಟರಿನಂತೆ, ಕಟ್ಟತೊಡಗಿದನು. 1837ರಲ್ಲಿ ಸಾಯುವ ಹೊತ್ತಿಗೆ 2000ಕ್ಕೂ ಹೆಚ್ಚು ಕಟ್ಟಡಗಳು ಎದ್ದು ನಿಂತಿದ್ದವು. (ಜರ್ಮನ್ ಭಾಷೆಯಲ್ಲಿ ‘ಬೇಸರ’ ಎಂಬ ಪದಕ್ಕೆ ತೀರ ಸಮೀಪದ ಹೆಸರು ಹೊತ್ತವನಿಂದ ಇಂಥ ಸಾಹಸವನ್ನು ಯಾರೂ ನಿರೀಕ್ಷಿಸಿರಲಾರರು.)

ನಿಂತ ನಿಲುವಿನಲ್ಲಿ ನೋಡಿದರೆ ಕೆಂಪು ಮಾಡುಗಳು, ಗೋಪುರಗಳು, ನದಿ, ಎಲ್ಲವೂ ಸಭ್ಯವಾಗಿಯೇ ಕಾಣುತ್ತವೆ. ಬಾಗಿದರೆ ಮಾತ್ರ ತೊಂದರೆ. ಹಿತ್ತಲಿನ ಕಟ್ಟಿಗೆ ರಾಶಿ, ಉಗುರಿನಷ್ಟೂ ಅಗಲವಿಲ್ಲದ ಕಿಟಕಿಯಲ್ಲಿ ಒಡೆದ ಗಾಜು, ಹೀಗೆ ಯಾವ ಸಚಿವರ ಭೇಟಿಗೂ ಮುನ್ನ ಪರದೆ ಕಟ್ಟಿ ಮುಚ್ಚಬೇಕಾದದ್ದನ್ನೆಲ್ಲ ಆತನು ಲೇಖನಿಯ ಮೊನೆಯಿಂದ ಬರೆದಿಟ್ಟಿದ್ದಾನೆ. ನಗರ ಮಾದರಿ ಎಂದರೆ ಇನ್ನೂ ಕಟ್ಟದ ಮೇಲ್ಸೇತುವೆ, ಇನ್ನೂ ನೆಡದ ಸ್ಪಂಜಿನ ಮರ, ಪಾದಚಾರಿಯೇ ಇಲ್ಲದ ಪಾದಚಾರಿ ಮಾರ್ಗ ಎಂಬ ಸರ್ವಸಮ್ಮತ ವ್ಯಾಖ್ಯೆಯನ್ನು ಆತನಿಗೆ ಯಾರೂ ತಿಳಿಸಿದಂತಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪವು ಯೊಸೆಫೊವ್ ಕುರಿತದ್ದು. ಯೆಹೂದ್ಯರ ಈ ಹಳೆಯ ಕೇರಿಯನ್ನು 1893ರ ‘ಅಸನಾತ್ಸೆ’ ಕಾಯಿದೆ, ಎಂದರೆ ನೈರ್ಮಲ್ಯದ ಹೆಸರಿನಲ್ಲಿ ಕೆಡವಿ ಮತ್ತೆ ಕಟ್ಟುವ ಏರ್ಪಾಡು, ಬಹುಪಾಲು ನೆಲಸಮ ಮಾಡಿತು. ಕೆಲವು ಸಿನಗಾಗ್‌ಗಳು, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರಗಳು, ಮತ್ತು ಹಳೆಯ ಸ್ಮಶಾನ ಹೇಗೋ ಉಳಿದುಕೊಂಡವು. ಕೇರಿಯ ಎದೆಯನ್ನು ಸೀಳಿಕೊಂಡು ಹೋದ ಹೊಸ ರಾಜಬೀದಿಗೆ 1926ರಲ್ಲಿ ಪ್ಯಾರಿಸಿನ ಹೆಸರನ್ನೇ ಇಡಲಾಯಿತು. ಹೀಗೆ, ಪ್ಯಾರಿಸಿನ ಮಾದರಿಯನ್ನು ಕಂಡು ಒಬ್ಬ ಸೇವಕ ಪ್ರಾಗನ್ನು ಕಟ್ಟಿದ ನೂರು ವರ್ಷಗಳೊಳಗೆ, ಅದೇ ಪ್ಯಾರಿಸಿನ ಮಾದರಿಯನ್ನು ಕಂಡವರು ಪ್ರಾಗನ್ನು ಕೆಡವಿಯೂ ಮುಗಿಸಿದರು. ಅಸಲು ನಗರವೇ ಇಷ್ಟು ವಿಧೇಯವಾಗಿ ನೆಲಕ್ಕೊರಗಿರುವಾಗ, ಅದರ ನಕಲು ಮಾತ್ರ ಹಳೆಯ ಓಣಿಗಳನ್ನು ಬಿಟ್ಟುಕೊಡದೆ, ತೆರವಿನ ನೋಟಿಸಿಗೂ ಜಗ್ಗದೆ ಗಾಜಿನೊಳಗೆ ನಿಂತಿರುವುದು ಸ್ಪಷ್ಟ ಅತಿಕ್ರಮಣವಾಗಿದೆ.

ಆದುದರಿಂದ ಸಂದರ್ಶಕರು ನೆಟ್ಟಗೆ ನಿಂತು, ಮಾಡುಗಳನ್ನಷ್ಟೇ ನೋಡಿ, ಹೊರಬಾಗಿಲಿನ ಕಡೆ ನಡೆಯತಕ್ಕದ್ದು. ಲಾಂಗ್‌ವೈಲ್‌ನಿಗೆ ಕಟ್ಟಲಾಗದೆ ಉಳಿದ ‘ಹೊಸ ಪಟ್ಟಣ’ದ ಭಾಗವನ್ನು, ಅಲ್ಲಿ ಒಂದೂ ಕಿಟಕಿ ಒಡೆದಿಲ್ಲವಾದ್ದರಿಂದ, ಎಷ್ಟು ಹೊತ್ತು ಬೇಕಾದರೂ ಬಾಗಿ ನೋಡಬಹುದು.

ಇತಿ,
ನಗರ ಸುಂದರೀಕರಣದ ಹಿತೈಷಿಗಳು