ಮುಯ್ಯಾಳು ಬರಲೇ ಇಲ್ಲ

ನಮ್ಮ ಪಕ್ಕದ ಮನೆ ಹುಡುಗ ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೊರಟ. ವಿದ್ಯಾರ್ಥಿ ವಿನಿಮಯವಂತೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಫ್ಲೆಕ್ಸ್ ಎದ್ದಿತು. ಹುಡುಗನ ಮುಖ ಅಂಚೆಚೀಟಿಯಷ್ಟು, ಅಭಿನಂದಿಸುವ ಮುಖಂಡರದು ಒರಳಕಲ್ಲಿನಷ್ಟು. ಸದ್ಯ, ಮುಖಂಡರೇ ದೇಶ ಬಿಟ್ಟರು ಅಂತ ಕೆಲವರು ಖುಷಿಪಟ್ಟರು.

ಗುಬ್ಬಿಯಲ್ಲಿರುವ ಅವನ ಅಜ್ಜಿಗೆ ವಿನಿಮಯ ಅಂದರೆ ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. "ನಮ್ ಹುಡ್ಗ ಹೋದ, ಸರಿ. ಅವ್ರ ಹುಡ್ಗ ಯಾವತ್ತು ಬತ್ತಾನೆ?" ಅಂದವರೇ ಹಿಂದಿನ ಕೋಣೆಯ ಕೊಬ್ಬರಿ ಮೂಟೆ ಎತ್ತಿಸಿ ಸುಣ್ಣ ಹೊಡೆಸಿದರು.

ಜರ್ಮನಿಯಲ್ಲಿ ಬೋಧನಾ ಶುಲ್ಕವಿಲ್ಲ, ಇಲ್ಲಿಯ ಕಾಲೇಜಿಗೆ ಕಟ್ಟಿದರೆ ಸಾಕು. ಪುಕ್ಕಟೆ ಎಂದು ಅಪ್ಪ ಹಿಗ್ಗುವಷ್ಟರಲ್ಲಿ ವೀಸಾದ ಪಟ್ಟಿ ಬಂತು. ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ಮೊದಲೇ ಖಾತೆಗೆ ಹಾಕಿ ಬೀಗ ಜಡಿಸಬೇಕು. ಹುಡುಗ ಉಪವಾಸ ಬೀಳುವುದಿಲ್ಲ ಎಂಬುದಕ್ಕೆ ಪುರಾವೆ. ಇತ್ತ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಪಡೆಯುತ್ತಾರೆ. ಪಂಕ್ತಿಯಲ್ಲಿ ಕೂರುವ ಮುಂಚೆ ಯಾರೂ ಪಾಸ್‌ಬುಕ್ ಕೇಳುವುದಿಲ್ಲ. ಹಿಂದುಳಿದವರು ನೋಡಿ, ನಾವು.

ಓದಲು ಹೊರಗೆ ಕಳಿಸುವುದು ಗುಬ್ಬಿಗೆ ಹೊಸದಲ್ಲ. ಗುಬ್ಬಿ ನಾಟಕ ಕಂಪನಿ ಸೇರಿದ್ದ ಬಿ.ವಿ. ಕಾರಂತರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರು ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರು. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಮುಯ್ಯಿ ತೀರಿತು, ಬಡ್ಡಿ ಸಮೇತ. ಓದಲು ಹೊರಗೆ ಕಳಿಸುವ ಕನ್ಸಲ್ಟೆನ್ಸಿಯವರ ಕಮಿಷನ್ ಒಂದು ತಪ್ಪಿತು, ಪಾಪ.

ಹಾಗಂತ ನಮ್ಮ ಜಿಲ್ಲೆಗೆ ಪರದೇಶದವರು ಬಂದೇ ಇಲ್ಲ ಅನ್ನುವಂತಿಲ್ಲ. ಕುಣಿಗಲ್‌ನ ಕುದುರೆ ಫಾರಂಗೆ ವಿದೇಶಿ ಗಂಡುಕುದುರೆಗಳು ಬಂದಿವೆ. ಲಾಯ, ಹುಲ್ಲುಗಾವಲು, ಮೈ ತಿಕ್ಕಲು ಆಳು, ಕೆಮ್ಮಿದರೆ ವೈದ್ಯ. ಕನ್ನಡ ಬರುತ್ತಾ ಅಂತ ಅವಕ್ಕೆ ಪರೀಕ್ಷೆ ಇಟ್ಟವರಿಲ್ಲ, ತಳಿ ಚೆನ್ನಾಗಿದ್ದರಾಯಿತು. ನಮ್ಮ ಹುಡುಗನೋ, ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವನು, ಇಂಗ್ಲಿಷ್ ಬರುತ್ತದೆಂದು ತೋರಿಸಲು ಮತ್ತೆ ದುಡ್ಡು ಕಟ್ಟಿ ಪರೀಕ್ಷೆ ಬರೆದ.

ಆರು ತಿಂಗಳಿಗೆ ವಾಪಸ್ ಬಂದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತು, ಸಾಲಿನಲ್ಲಿ ಹೇಗೆ ನಿಲ್ಲಬೇಕೆಂದು ಹಿಂದಿನವರಿಗೆ ಪಾಠ ಹೇಳಿದ. ಅಷ್ಟರಲ್ಲಿ ಅವನ ಸರದಿ ಬೇರೆಯವರ ಪಾಲಾಗಿತ್ತು.

ಗುಬ್ಬಿಯ ಕೋಣೆಗೆ ಹೊಡೆದ ಸುಣ್ಣ ಈಗ ಮಾಸಿದೆ. ಕೊಬ್ಬರಿ ಮೂಟೆ ಮತ್ತೆ ಒಳಗೆ ಹೋಗಿದೆ.